ವಿದೇಶಿ ತಂಡ ವಾಪಸ್ ಹೋದ ಮೇಲೂ ನರ್ಸ್‌ಗಳ ಕೈಯಲ್ಲಿ ಕಲಿತದ್ದು ಉಳಿಯಬೇಕಾದರೆ?

ಪ್ರಶ್ನೆ
ಬಡ ದೇಶವೊಂದರ ಜಿಲ್ಲಾ ಆಸ್ಪತ್ರೆ ಜೊತೆ ವಿದೇಶಿ ಬೋಧನಾ ಆಸ್ಪತ್ರೆಯೊಂದರ ಒಪ್ಪಂದ ತಯಾರಾಗ್ತಿದೆ. ವರ್ಷಕ್ಕೊಮ್ಮೆ ತಂಡ ಬಂದು ಹೆರಿಗೆ ವಾರ್ಡಿನ ನರ್ಸ್‌ಗಳಿಗೆ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ (ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಉಸಿರು ಬರಿಸೋದು) ತರಬೇತಿ ಕೊಡುತ್ತೆ. ಕೋರ್ಸ್ ಮುಗಿದ ದಿನ ಎಲ್ಲರೂ ಪಾಸ್, ಕೆಲವೇ ತಿಂಗಳಲ್ಲಿ ಮರೆವು ಅಂತಾರೆ. ಒಪ್ಪಂದದಲ್ಲಿ ಏನು ಸೇರಿಸಬೇಕು?

ಉತ್ತರ 1
ಮೊದಲು ಆ ‘ವರ್ಷಕ್ಕೊಮ್ಮೆ’ಯನ್ನೇ ತೆಗೆಸಿ. ಉಸಿರಾಡದ ಮಗುವಿಗೆ ಹುಟ್ಟಿದ 60 ಸೆಕೆಂಡಿನೊಳಗೆ ಬ್ಯಾಗ್-ಮಾಸ್ಕ್ (ಮುಖಕ್ಕೆ ಮಾಸ್ಕ್ ಇಟ್ಟು, ಬ್ಯಾಗ್ ಹಿಂಡಿ ಗಾಳಿ ಕೊಡೋದು) ಶುರುವಾಗಬೇಕು, ನಿಮಿಷಕ್ಕೆ ಸುಮಾರು 40 ಸಲ. ಬಹುಪಾಲು ಮಕ್ಕಳಿಗೆ ಇದು ಬೇಕಾಗೋದೇ ಇಲ್ಲ, ಅದಕ್ಕೇ ಕೈಗೆ ರೂಢಿ ತಪ್ಪುತ್ತೆ. ಅಭ್ಯಾಸದ ಗೊಂಬೆ, ಬ್ಯಾಗ್, 0 ಮತ್ತು 1ನೇ ಸೈಜಿನ ಮಾಸ್ಕ್ ಹೆರಿಗೆ ಕೋಣೆ ಪಕ್ಕದಲ್ಲೇ ಇರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಗೊಂಬೆ ಯಾರಿಗೂ ಏನೂ ಕಲಿಸಲ್ಲ. ವಾರಕ್ಕೊಮ್ಮೆ ಪಾಳಿ ಬದಲಾಗುವಾಗ ಹತ್ತು ನಿಮಿಷ ಸಾಕು: ಒಬ್ಬರು ಬ್ಯಾಗ್ ಒತ್ತಲಿ, ಇನ್ನೊಬ್ಬರು ಎದೆ ಏರುತ್ತಾ ನೋಡಲಿ. ಏರದಿದ್ದರೆ ಹೆಚ್ಚಾಗಿ ಮಾಸ್ಕ್ ಅಂಚಿನಲ್ಲಿ ಗಾಳಿ ಸೋರ್ತಿರುತ್ತೆ, ಇಲ್ಲವೇ ಕುತ್ತಿಗೆ ಮುಂದಕ್ಕೆ ಬಾಗಿರುತ್ತೆ. ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿಬಿಡ್ತಾರೆ, ಅದು ತಪ್ಪು. ಮಾಸ್ಕ್ ಮತ್ತೆ ಕೂರಿಸಿ, ತಲೆ ಸರಿಮಾಡಿ, ಬಾಯಿ-ಮೂಗು ನೋಡಿ ಲೋಳೆ ತೆಗೆದು, ಬಾಯಿ ಸ್ವಲ್ಪ ತೆರೆಸಿ ಮುಂದುವರಿಸಬೇಕು.

ಉತ್ತರ 2
ತೊಳೆದ ಬ್ಯಾಗ್‌ನ ವಾಲ್ವ್ ತಪ್ಪಾಗಿ ಜೋಡಿಸಿದರೆ ಮಗುವಿಗೆ ಗಾಳಿಯೇ ಹೋಗಲ್ಲ. ಪ್ರತಿ ಪಾಳಿಯಲ್ಲೂ ಪರೀಕ್ಷಿಸಿ: ಮಾಸ್ಕನ್ನು ಅಂಗೈಗೆ ಬಿಗಿಯಾಗಿ ಒತ್ತಿ ಹಿಂಡಿದರೆ ಒತ್ತಡ ತಿಳಿಯಬೇಕು, ಇನ್ನಷ್ಟು ಹಿಂಡಿದರೆ ಹೆಚ್ಚಿನ ಒತ್ತಡ ಹೊರಬಿಡುವ ಪ್ರೆಶರ್ ವಾಲ್ವ್ ತೆರೆದುಕೊಳ್ಳಬೇಕು. ದಾನವಾಗಿ ಬರುವ ಯಂತ್ರಗಳಿಗೂ ಒಂದು ಷರತ್ತು ಹಾಕಿ: ಆಸ್ಪತ್ರೆಯ ವಿದ್ಯುತ್ತಿಗೆ ಹೊಂದಬೇಕು. 110 ವೋಲ್ಟ್‌ನ ಆಕ್ಸಿಜನ್ ಕಾನ್ಸಂಟ್ರೇಟರ್ 230 ವೋಲ್ಟ್ ಇರುವಲ್ಲಿಗೆ ಬಂದಿಳಿದರೆ ಅದು ಬರೀ ಜಾಗ ತಿನ್ನೋ ಡಬ್ಬ.

ಉತ್ತರ 3
ಜನರ ವಿಷಯ ಬಿಟ್ಟುಹೋಯ್ತು. ತರಬೇತಿಗೆ ಹೋದವರ ಡ್ಯೂಟಿ ಯಾರು ಮಾಡ್ತಾರೆ, ಅದರ ಖರ್ಚು ಯಾರದು ಅಂತ ಬರೆಸಿ. ತರಬೇತಿ ಪಡೆದವರನ್ನು ಇಂತಿಷ್ಟು ಕಾಲ ಬೇರೆ ವಾರ್ಡಿಗೆ ವರ್ಗ ಮಾಡಬಾರದು ಅಂತಲೂ. ರುವಾಂಡಾದಲ್ಲಿ 2012ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ ಅಮೆರಿಕದ ಬೋಧಕರನ್ನು ಸ್ಥಳೀಯ ಬೋಧಕರ ಜೊತೆ ಜೋಡಿ ಮಾಡಿದ್ದರು. ನೀವೂ ಇಬ್ಬರು ಸ್ಥಳೀಯ ಬೋಧಕರನ್ನಾದರೂ ಹೆಸರಿಸಿ. ಬರುವ ವೈದ್ಯರು ರೋಗಿಯನ್ನು ಮುಟ್ಟುವ ಮುಂಚೆ ಆ ದೇಶದ ತಾತ್ಕಾಲಿಕ ನೋಂದಣಿ ಬೇಕಾಗಬಹುದು, ಅದಕ್ಕೆ ಬೇಗ ಅರ್ಜಿ ಹಾಕಿಸಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಫಲ ಸಿಗ್ತಿದೆಯಾ ಅಂತ ಅಳೆಯೋಕೆ ನವಜಾತ ಶಿಶು ಮರಣ ಸಾಕಾ?

ಉತ್ತರ 1
ಸಾಲದು. ಉಸಿರಾಡದೆ ಹುಟ್ಟಿದ ಕೆಲವು ಮಕ್ಕಳನ್ನು ಮೊದಲು ‘ಸತ್ತು ಹುಟ್ಟಿದ್ದು’ ಅಂತ ಬರೆದುಬಿಡ್ತಿರುತ್ತಾರೆ. ತರಬೇತಿ ಆದ ಮೇಲೆ ಅವಕ್ಕೂ ಬ್ಯಾಗ್ ಹಿಡೀತಾರೆ. ಅವುಗಳಲ್ಲಿ ಕೆಲವು ಆಮೇಲೆ ತೀರಿಕೊಂಡರೆ ನವಜಾತ ಶಿಶು ಮರಣ ಏರಿದಂತೆ ಕಾಣುತ್ತೆ. ಹೆರಿಗೆ ವೇಳೆ ಮಗುವಿನ ಸಾವು, ಹುಟ್ಟಿದ ಮೊದಲ 24 ಗಂಟೆಯ ಸಾವು ಎರಡನ್ನೂ ಕೂಡಿಸಿ, ಒಟ್ಟು ಹೆರಿಗೆಗೆ ಎಷ್ಟು ಅಂತ ತಿಂಗಳಿಗೊಮ್ಮೆ ಲೆಕ್ಕ ಹಾಕಿ.