ಚೆರ್ರಿ ಕೌಂಟಿಯ ಜನ ಎಲ್ಲಿಗೆ ಹೋದರು?

ನಕಾಶೆಪ್ರಿಯ:
ಅಮೆರಿಕದ ನೆಬ್ರಾಸ್ಕಾ ರಾಜ್ಯದ ಜನಗಣತಿ ಪಟ್ಟಿ ನೋಡುತ್ತಿದ್ದಾಗ ಚೆರ್ರಿ ಕೌಂಟಿಯ ಮೇಲೆ ಕಣ್ಣು ನಿಂತಿತು. ವಿಸ್ತೀರ್ಣ ಸುಮಾರು 15,500 ಚದರ ಕಿಲೋಮೀಟರ್; ಕನೆಕ್ಟಿಕಟ್ ಎಂಬ ಇಡೀ ರಾಜ್ಯಕ್ಕಿಂತ ದೊಡ್ಡದು. 2020ರಲ್ಲಿ ಜನಸಂಖ್ಯೆ ಬರೀ 5,455. ಆದರೆ 1920ರಲ್ಲಿ 11,753 ಜನರಿದ್ದರು. ಮಣ್ಣು ಕೆಟ್ಟಿತೇ, ನೀರು ಬತ್ತಿತೇ? ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟುಹೋಗುವಂಥದ್ದು ಏನಾಯಿತು?

ಭೂಗೋಳದ ಮೇಷ್ಟ್ರು:
ನೀರು ಬತ್ತಿಲ್ಲ. ಅಲ್ಲಿ ನೆಲದಡಿ ನೀರಿಗೆ ಬರವೇ ಇಲ್ಲ. ನಾನಾದರೆ ನಿಮ್ಮ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತೇನೆ: 1920ರಲ್ಲಿ ಅಷ್ಟೊಂದು ಜನ ಅಲ್ಲಿಗೆ ಬಂದದ್ದಾದರೂ ಏಕೆ?

ಅದೇ ಪಟ್ಟಿಯಲ್ಲಿ ಇನ್ನೂ ಹಿಂದಕ್ಕೆ ಹೋಗಿ. 1890ರಲ್ಲಿ 6,428, 1900ರಲ್ಲಿ 6,541. ಹತ್ತು ವರ್ಷಕ್ಕೆ ನೂರು ಚಿಲ್ಲರೆ ಜನ ಹೆಚ್ಚಿದ್ದರು, ಅಷ್ಟೇ. 1910ಕ್ಕೆ ಒಮ್ಮೆಲೇ 10,414! ಚಿನ್ನವೇನೂ ಸಿಗಲಿಲ್ಲ, ಕಾಯಿದೆಯೊಂದು ಬಂದಿತ್ತು. 1862ರ ಹೋಮ್‌ಸ್ಟೆಡ್ ಕಾಯಿದೆ ಕುಟುಂಬವೊಂದಕ್ಕೆ 160 ಎಕರೆ ಕೊಡುತ್ತಿತ್ತು. ಪಶ್ಚಿಮ ನೆಬ್ರಾಸ್ಕಾದಲ್ಲಿ ಅಷ್ಟರಲ್ಲಿ ಬದುಕುವುದು ಆಗದ ಮಾತು ಎಂದು 1904ರ ಕಿಂಕೇಡ್ ಕಾಯಿದೆ ಅದನ್ನು 640 ಎಕರೆಗೆ ಏರಿಸಿತು. ಐದು ವರ್ಷ ಅಲ್ಲಿಯೇ ವಾಸವಿದ್ದು ಭೂಮಿಯನ್ನು ಸುಧಾರಿಸಿ ತೋರಿಸಿದರೆ ಅದು ನಿಮ್ಮದು. ಜನ ಮುಗಿಬಿದ್ದರು.

640 ಎಕರೆ ಎಂದರೆ ಬಾಯಿ ಬಿಡಬೇಡಿ. ಅದು ಮರಳು. ಸ್ಯಾಂಡ್‌ಹಿಲ್ಸ್ ಎನ್ನುವ ಆ ಪ್ರದೇಶ ಸುಮಾರು 50,000 ಚದರ ಕಿಲೋಮೀಟರಿನ ಮರಳು ದಿಬ್ಬಗಳ ನಾಡು. ಕೆಲವು ದಿಬ್ಬಗಳು 120 ಮೀಟರ್ ಎತ್ತರ. ಮೇಲೆ ಹುಲ್ಲಿನ ತೆಳುವಾದ ಹೊದಿಕೆ ಇದೆ, ಅದರ ಬೇರು ಹಿಡಿದಿರುವವರೆಗೆ ಮಾತ್ರ ದಿಬ್ಬ ನಿಂತಲ್ಲಿ ನಿಲ್ಲುತ್ತದೆ. ಬೆಳೆ ತೆಗೆಯಲು ನೇಗಿಲು ಹೂಡಿದಿರೋ, ಗಾಳಿ ಆ ಗಾಯವನ್ನು ಕೆದಕಿ ಕೆದಕಿ ಬೋಗುಣಿಯಂಥ ಗುಂಡಿ ತೋಡಿಬಿಡುತ್ತದೆ. ಸುಮಾರು 800–1,000 ವರ್ಷಗಳ ಹಿಂದಿನ ದೀರ್ಘ ಬರಗಾಲದಲ್ಲಿ ಈ ದಿಬ್ಬಗಳೇ ಹುಲ್ಲು ಕಳೆದುಕೊಂಡು ಚಲಿಸಿದ್ದವು.

ಹಾಗಾಗಿ ಉಳಿಯುವ ದಾರಿ ದನ ಸಾಕುವುದೊಂದೇ. ಹಸು ಮತ್ತು ಕರುವಿಗೆ ವರ್ಷಕ್ಕೆ ಹತ್ತು ಹದಿನೈದು ಎಕರೆ, ಕೆಲವೆಡೆ ಇನ್ನೂ ಹೆಚ್ಚು ಮೇವಿನ ನೆಲ ಬೇಕು. 640ನ್ನು ಭಾಗಿಸಿ ನೋಡಿ. ಸಂಸಾರ ಸಾಗುವಷ್ಟು ಹಿಂಡು ಆಗುವುದಿಲ್ಲ. ಬಂದವರಲ್ಲಿ ಬಹಳಷ್ಟು ಜನ ಪಕ್ಕದವರಿಗೆ ಭೂಮಿ ಮಾರಿ ಹೊರಟರು, ಕೊಂಡವರ ಹುಲ್ಲುಗಾವಲು ಬೆಳೆಯಿತು. 1930ರಲ್ಲಿ 10,898, 1950ರಲ್ಲಿ 8,397, 1970ರಲ್ಲಿ 6,846. ನನ್ನ ಲೆಕ್ಕದಲ್ಲಿ ಇದು ಅವನತಿಯಲ್ಲ, ಬಂದ ನೆರೆ ಇಳಿದದ್ದು.

ಇನ್ನೊಂದು ಮಾತು, ಆ ನೆಲ ಅದಕ್ಕೂ ಮೊದಲು 'ಖಾಲಿ' ಬಿದ್ದಿತ್ತು ಎಂದು ಯಾರೂ ಬರೆಯಬೇಡಿ. ಅದು ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ಬೇಟೆಯ ನೆಲ. ಕೌಂಟಿಯ ಉತ್ತರದ ಗಡಿ ದಾಟಿದರೆ ದಕ್ಷಿಣ ಡಕೋಟಾದಲ್ಲಿ ಅವರ ರೋಸ್‌ಬಡ್ ಮೀಸಲು ಪ್ರದೇಶ ಈಗಲೂ ಇದೆ.

ರೈಲುಹುಚ್ಚ:
ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಇರುವ ಜನರೂ ಸಮನಾಗಿ ಹರಡಿಲ್ಲ. ಕೌಂಟಿ ಕೇಂದ್ರ ವ್ಯಾಲೆಂಟೈನ್ ಒಂದರಲ್ಲೇ ಸುಮಾರು 2,600 ಜನ. ಉಳಿದ ಹಳ್ಳಿಗಳು, ಅಂದರೆ ವುಡ್ ಲೇಕ್, ಕ್ರುಕ್‌ಸ್ಟನ್, ಕಿಲ್ಗೋರ್, ನೆನ್ಜೆಲ್, ಕೋಡಿ, ಮೆರಿಮನ್, ಎಲ್ಲವೂ ಉತ್ತರದ ಅಂಚಿನಲ್ಲಿ 20ನೇ ಹೆದ್ದಾರಿಯ ಗುಂಟ ಸಾಲುಗಟ್ಟಿವೆ. ಕಾರಣ ಹಳೆಯ ರೈಲುಮಾರ್ಗ. ಈಗ ರೈಲು ಇಲ್ಲ. ವ್ಯಾಲೆಂಟೈನ್‌ನಿಂದ ಪೂರ್ವಕ್ಕೆ ಹಳಿ ಕಿತ್ತ ಜಾಗದಲ್ಲಿ ಕೌಬಾಯ್ ಟ್ರೇಲ್ ಎಂಬ ಸೈಕಲ್ ದಾರಿ ಇದೆ, ನಯೊಬ್ರಾರಾ ನದಿಯ ಮೇಲಿನ ಎತ್ತರದ ಉಕ್ಕಿನ ಸೇತುವೆಯೂ ಅದಕ್ಕೇ ಸೇರಿದೆ. ವ್ಯಾಲೆಂಟೈನ್ ಬಿಟ್ಟು ಲೆಕ್ಕ ಹಾಕಿದರೆ ಒಬ್ಬೊಬ್ಬರ ಪಾಲಿಗೆ ಐದು ಚದರ ಕಿಲೋಮೀಟರಿಗೂ ಹೆಚ್ಚು ನೆಲ! ಮೇಲಾಗಿ ಕೌಂಟಿಯೊಳಗೇ ಗಡಿಯಾರ ಬದಲಾಗುತ್ತದೆ: ವ್ಯಾಲೆಂಟೈನ್‌ನಲ್ಲಿ ಹತ್ತು ಗಂಟೆಯಾದಾಗ ಮೆರಿಮನ್‌ನಲ್ಲಿ ಒಂಬತ್ತು.

ನಕಾಶೆಪ್ರಿಯ:
ಇಬ್ಬರಿಗೂ ಧನ್ಯವಾದ. ಆದರೆ ಮೇಷ್ಟ್ರೇ, 'ನೆರೆ ಇಳಿಯಿತು' ಎಂದರೆ ಎಲ್ಲಾದರೂ ನಿಲ್ಲಬೇಕಲ್ಲ? 2010ರ 5,713 ಕೂಡ 1890ಕ್ಕಿಂತ ಕಡಿಮೆ. ನೀರು ಅಷ್ಟಿದ್ದರೆ ನೀರಾವರಿ ಮಾಡಬಹುದಿತ್ತಲ್ಲವೇ?

ಭೂಗೋಳದ ಮೇಷ್ಟ್ರು:
ಸರಿಯಾಗಿ ಹಿಡಿದಿರಿ. ಇತ್ತೀಚಿನ ಇಳಿಕೆಗೆ ಕಿಂಕೇಡ್ ಕಾರಣವಲ್ಲ. ಟ್ರ್ಯಾಕ್ಟರು, ಹುಲ್ಲು ಕಟ್ಟುವ ಯಂತ್ರ ಬಂದ ಮೇಲೆ ದೊಡ್ಡ ಹುಲ್ಲುಗಾವಲನ್ನೂ ಒಂದು ಮನೆಯವರು ನಿಭಾಯಿಸುತ್ತಾರೆ. ಮಾಂಸಕ್ಕೆ ಸಾಕುವ ಹಸುಗಳ ಸಂಖ್ಯೆಯಲ್ಲಿ ಈ ಕೌಂಟಿ ಇಡೀ ದೇಶದಲ್ಲೇ ಮುಂಚೂಣಿಯಲ್ಲಿದೆ. ದನ ಕಡಿಮೆಯಾಗದೆ ದನ ಕಾಯುವವರು ಕಡಿಮೆಯಾದರು. ಇದನ್ನು ಮಾತ್ರ ನಾನೂ ಸಂತೋಷದಿಂದ ಹೇಳಲಾರೆ. ಮಕ್ಕಳಿಲ್ಲದಿದ್ದರೆ ಶಾಲೆ ಉಳಿಯುವುದಿಲ್ಲ, ಶಾಲೆ ಹೋದರೆ ಅಂಗಡಿಯೂ ಹೋಗುತ್ತದೆ. ಕೋಡಿಯಲ್ಲಿ 2013ರಿಂದ ದಿನಸಿ ಅಂಗಡಿಯನ್ನು ಶಾಲೆಯ ಮಕ್ಕಳೇ ನಡೆಸಿದ್ದು ಅದಕ್ಕೇ. ಅಂಗಡಿಯ ಗೋಡೆಗಳು ಒಣಹುಲ್ಲಿನ ಕಟ್ಟುಗಳವು.

ನೀರಾವರಿಯ ಮಾತು. ಕೆಳಗಿರುವುದು ಒಗಲ್ಲಾಲಾ ಜಲಸ್ತರ. ಬಿದ್ದ ಮಳೆಯನ್ನು ಮರಳು ಕುಡಿದು ಕೆಳಕ್ಕೆ ಕಳಿಸುತ್ತದೆ, ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಅದೇ ನೀರು ಕೆರೆಯಾಗಿ, ಜೌಗಾಗಿ ಮೇಲೆ ಕಾಣುತ್ತದೆ. ಆ ತಗ್ಗಿನ ಹುಲ್ಲನ್ನೇ ಬೇಸಿಗೆಯಲ್ಲಿ ಕೊಯ್ದು ಚಳಿಗಾಲಕ್ಕೆ ಕೂಡಿಡುತ್ತಾರೆ. ದಿಬ್ಬದ ಮೇಲಿನ ದನಗಳಿಗೆ ಗಾಳಿಯಂತ್ರವೇ ನೀರೆತ್ತಿ ತೊಟ್ಟಿ ತುಂಬಿಸುತ್ತದೆ. ನೀರು ಹಾಯಿಸಿ ಮೆಕ್ಕೆಜೋಳ ಬೆಳೆಯಬೇಕೆಂದರೆ ಮೊದಲು ಹುಲ್ಲು ಕೀಳಬೇಕು. ಕಿತ್ತರೆ ಏನಾಗುತ್ತದೆ ಎಂದು ಆಗಲೇ ಬರೆದಿದ್ದೇನೆ.