ಅಜ್ಜಿ ಮನೆಯಲ್ಲಿ ಮಲಗೋಕೂ ಪರ್ಮಿಟ್ ಬೇಕಾ? (ಬೈಲಕುಪ್ಪೆ)

ಪ್ರಶ್ನೆ:
ನಾನು ಹುಟ್ಟಿದ್ದು ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪ್‌ನಲ್ಲಿ. ಹನ್ನೊಂದು ವರ್ಷಕ್ಕೆ ಅಪ್ಪ ಅಮ್ಮನ ಜೊತೆ ಟೊರಾಂಟೊಗೆ ಹೋದೆ, ಈಗ ಇಪ್ಪತ್ತೇಳು, ಪಾಸ್‌ಪೋರ್ಟ್ ಕೆನಡಾದ್ದು. ಕನ್ನಡ ಕಲಿತದ್ದು ನಮ್ಮ ಮುಸುಕಿನ ಜೋಳದ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದವರಿಂದ, ಆಮೇಲೆ ಯೂಟ್ಯೂಬ್ ನೋಡಿ ಹೇಗೋ ಉಳಿಸಿಕೊಂಡೆ, ತಪ್ಪಿದ್ದರೆ ಬೈಬೇಡಿ. ಲೋಸರ್ (ನಮ್ಮ ಹೊಸ ವರ್ಷ) ಹಬ್ಬಕ್ಕೆ ಬಂದು ಅಜ್ಜಿ ಜೊತೆ ಎರಡು ತಿಂಗಳು ಇರೋಣ ಅಂತಿದ್ದೇನೆ. ವೀಸಾ ಒಂದೇ ಸಾಲದು ಅಂತ ಯಾರೋ ಹೇಳಿದರು. ನಿಜವಾ?

ಇನ್ನೊಂದು ಭಯ. ನನ್ನ ಟಿಬೆಟನ್ ಭಾಷೆ ಹನ್ನೊಂದು ವರ್ಷದ ಹುಡುಗನದ್ದಾಗೇ ನಿಂತಿದೆ. ದೊಡ್ಡವರ ಹತ್ತಿರ ಆಡುವ ಮರ್ಯಾದೆಯ ಮಾತು ಬಾಯಿಗೇ ಬರಲ್ಲ.

ಉತ್ತರ 1 (ಕುಶಾಲನಗರದಿಂದ):
ಬೇಕು ತಮ್ಮಾ, ಪಿಎಪಿ ಅಂತಾರೆ, ಅಂದ್ರೆ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್. ಹಗಲು ಗೋಲ್ಡನ್ ಟೆಂಪಲ್ ನೋಡಿಕೊಂಡು ಹೋಗುವವರಿಗೆ ತೊಂದರೆ ಇಲ್ಲ, ವಿದೇಶಿಯರು ರಾತ್ರಿ ಉಳಿಯೋಕೆ ಮಾತ್ರ ಬೇಕು. ಕಾಗದ ಬರೋದು ತಡವಾದರೆ ಇಲ್ಲೇ ನಮ್ಮೂರಲ್ಲಿ ರೂಮ್ ಮಾಡು, ಹಗಲು ಅಜ್ಜಿ ಮನೆಗೆ ಹೋಗಿ ಬಾ. ಬೇಜಾರಿನ ಮಾತೇ, ಗೊತ್ತು. ಅರವತ್ತರ ದಶಕದಲ್ಲಿ ನಿಮ್ಮವರಿಗೆ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಬರೀ ಕಾಡು, ಆನೆ ಕಾಟ ಬೇರೆ. ಅದನ್ನು ಕಡಿದು ಊರು ಮಾಡಿದವರ ಮೊಮ್ಮಗ ನೀನು.

ಉತ್ತರ 2 (ನಾನೂ ಹೀಗೇ ವಾಪಸ್ ಬಂದವಳು, ಅಮೆರಿಕದಿಂದ):
ಪಿಎಪಿ ಕೊಡೋದು ದೆಹಲಿಯ ಕೇಂದ್ರ ಗೃಹ ಸಚಿವಾಲಯ. ತಿಂಗಳುಗಟ್ಟಲೆ ಹಿಡಿಯುತ್ತೆ, ಟಿಕೆಟ್ ಮಾಡೋಕೆ ಮುಂಚೆ ಅರ್ಜಿ ಹಾಕಿ. ಎಲ್ಲಿ ಉಳಿಯುತ್ತೀರಿ, ಯಾಕೆ ಅಂತ ಸ್ಪಷ್ಟವಾಗಿ ಬರೆಯಿರಿ. ಅರ್ಜಿಗೆ ಏನೇನು ಬೇಕು ಅಂತ ಕ್ಯಾಂಪ್ ನೋಡಿಕೊಳ್ಳುವ ಸೆಟಲ್ಮೆಂಟ್ ಆಫೀಸಿನಲ್ಲಿ ಅಜ್ಜಿಯಿಂದ ಒಮ್ಮೆ ಕೇಳಿಸಿ.

ಭಾಷೆಗೆ ಹೆದರಬೇಡಿ. ನಾನು ವಯಸ್ಸಾದ ಲಾಮಾ ಒಬ್ಬರಿಗೆ 'ಬಾರೋ, ಕೂತ್ಕೋ' ಅನ್ನೋ ಥರ ಮಾತಾಡಿಬಿಟ್ಟೆ, ಅವರು ನಕ್ಕು ನಕ್ಕು ಸುಸ್ತಾದರು. ನನಗೆ ಕಷ್ಟವಾದದ್ದು ಬೇರೆ. ಜೊತೆಗೆ ಆಡಿದವರು ಒಬ್ಬರೂ ಇರಲಿಲ್ಲ. ಕೆಲವರು ಬೆಂಗಳೂರು, ಜಾಸ್ತಿ ಜನ ಹೊರದೇಶ. ಸಾಲು ಮನೆಗಳಿಗೆ ಬೀಗ. ಇದ್ದವರು ಬಂದ ದಿನವೇ 'ಯಾವಾಗ ವಾಪಸ್?' ಅಂತ ಕೇಳಿದರು, ಅದರ ಹಿಂದೆಯೇ 'ನನ್ನ ಮಗನಿಗೆ ಅಲ್ಲಿಗೆ ಬರೋ ದಾರಿ ಇದೆಯಾ?' ಅಂತ. ನಾವು ಬೇರು ಹುಡುಕಿಕೊಂಡು ಬರುತ್ತೇವೆ, ಅವರು ಬಾಗಿಲು ಹುಡುಕುತ್ತಾ ಇರುತ್ತಾರೆ. ಸಿಟ್ಟಾಗಬೇಡಿ. ಹೊಲದ ಕೆಲಸಕ್ಕೆ ಸುಮ್ನೆ ಕೈ ಹಾಕಿ, ಆಮೇಲೆ ಯಾರೂ ಅತಿಥಿ ಅನ್ನಲ್ಲ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಅಣ್ಣ, ಅಕ್ಕ. ಅಜ್ಜಿಗೆ ಫೋನ್ ಮಾಡಿ 'ನಾನು ವಿದೇಶಿಯಂತೆ, ಪರ್ಮಿಟ್ ಬೇಕಂತೆ' ಅಂದೆ. 'ನನ್ನ ಆರ್‌ಸಿ (ಟಿಬೆಟನ್ನರ ನೋಂದಣಿ) ಪುಸ್ತಕದಲ್ಲೂ ವಿದೇಶಿ ಅಂತಲೇ ಇದೆ, ಅದನ್ನೂ ರಿನ್ಯೂ ಮಾಡಿಸಬೇಕು, ನೀನು ಬಂದ ಮೇಲೆ ಇಬ್ಬರೂ ಒಟ್ಟಿಗೆ ಹೋಗೋಣ' ಅಂದರು.