ಮುಂಬೈ ಮುಲುಂಡ್ ಸೊಸೈಟಿಯ ಕನ್ನಡ ಗುಂಪು: ಆರ್‌ಜಿ (ನಿವಾಸಿಗಳ ಆಟ-ವಿಹಾರಕ್ಕೆ ಬಿಟ್ಟ ಬಯಲು) ಮತ್ತು ಟರ್ಫ್ (ಬಲೆ ಕಟ್ಟಿದ ಬಾಡಿಗೆ ಆಟದಂಗಳ) ಗಲಾಟೆ

ವೀಣಾ, ಬಿ-302: ರಾತ್ರಿ ಒಂದೂವರೆವರೆಗೂ ಟರ್ಫಿನ ಮೈಕಿನಲ್ಲಿ ಕಾಮೆಂಟ್ರಿ! ಲೈಟು ಸೀದಾ ಬೆಡ್‌ರೂಮಿಗೆ. ಮಗಳಿಗೆ ಇವತ್ತು ಹತ್ತನೇ ಕ್ಲಾಸಿನ ಪ್ರಿಲಿಮ್. ಯಾರಿಗಾದರೂ ನಾಚಿಕೆ ಇದೆಯಾ?

ಶೆಟ್ಟಿ, ಎ-701: ಎಲ್ಲಾ ಹಳೇ ಕಮಿಟಿಯ ಪುಣ್ಯ ಅಕ್ಕ. ಆರ್‌ಜಿಯನ್ನು ಟರ್ಫಿನವನಿಗೆ ಬಾಡಿಗೆಗೆ ಕೊಟ್ಟದ್ದು ಯಾರು? ಹೇಳಲಿ.

ಕುಲಕರ್ಣಿ, ಸಿ-104: ಶೆಟ್ರೇ, ಎಜಿಎಮ್‌ನಲ್ಲಿ (ವಾರ್ಷಿಕ ಸಭೆಯಲ್ಲಿ) ನೀವೂ ಕೈ ಎತ್ತಿದ್ರಿ. ಮೇಂಟೆನೆನ್ಸ್ ಕಡಿಮೆಯಾಯ್ತು ಅಂತ ಪೇಡಾ ಹಂಚಿದವರೂ ನೀವೇ.

ಶೆಟ್ಟಿ: ಕೈ ಎತ್ತಿದ್ದು ಪ್ರಶ್ನೆ ಕೇಳಲಿಕ್ಕೆ ಮಾರಾಯ್ರೆ!

ಪೈ ಮಾಮ: 🌹 ಶುಭೋದಯ. ಬೆಳಗ್ಗೆ ಬಿಸಿನೀರಿಗೆ ಜೀರಿಗೆ ಹಾಕಿ ಕುಡಿದರೆ ಏಳು ಲಾಭ. ಹತ್ತು ಜನಕ್ಕೆ ಕಳಿಸಿ.

ಹೆಗಡೆ, ಬಿ-604: ಜಗಳ ಆಮೇಲೆ. ನಮ್ಮ ಪ್ಲಾಟ್ 6000 ಚದರ ಮೀಟರ್, ಪ್ಲ್ಯಾನ್ ಪಾಸಾದದ್ದು 1991ರ ಮುಂಬೈ ಅಭಿವೃದ್ಧಿ ನಿಯಂತ್ರಣ ನಿಯಮದಲ್ಲಿ. 2501ರಿಂದ 10000 ಚದರ ಮೀಟರ್‌ವರೆಗಿನ ಲೇಔಟಿನಲ್ಲಿ ಆ ನಿಯಮದ ಪ್ರಕಾರ ಶೇ 20 ಆರ್‌ಜಿ ಬಿಡಬೇಕಿತ್ತು. ಅಂದರೆ 1200. ಅಷ್ಟೂ ನೆಲದ ಮೇಲೇ ಇರಬೇಕು, ಪೋಡಿಯಮ್ (ಪಾರ್ಕಿಂಗ್ ಮೇಲಿನ ತಾರಸಿ) ಮೇಲಿನ ಹುಲ್ಲು ಆ ಲೆಕ್ಕಕ್ಕೆ ಬರುವುದಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ನೆಲ ಈಗ ಟರ್ಫಿನ ಬಲೆಯೊಳಗೆ. ನಮ್ಮ ಜಾಗಕ್ಕೆ ನಾವೇ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದೇವೆ. ಕೇಂದ್ರದ 2014ರ ಮಾರ್ಗಸೂಚಿ ಪ್ರಕಾರ ನಗರದಲ್ಲಿ ತಲೆಗೆ 10-12 ಚದರ ಮೀಟರ್ ಬಯಲು ಇರಬೇಕು.

ಕಿರಣ್, ಸಿ-503: ಹತ್ತು ಚದರ ಮೀಟರ್ ಅಂದ್ರೆ ನಮ್ಮ ಹಾಲ್ ಅಂಕಲ್ 😂 ಅದರಲ್ಲಿ ಐದು ಜನ ಇದ್ದೇವೆ.

ಕುಲಕರ್ಣಿ: ಟರ್ಫ್ ತೆಗೆದರೆ ಮೇಂಟೆನೆನ್ಸ್ ಮತ್ತೆ ಏರತ್ತೆ. ಆಗ ಯಾರೂ ಬೈಬೇಡಿ.

ಕಿರಣ್: ಮತ್ತೆ ನಾವು ಆಡೋದೆಲ್ಲಿ?

ಹೆಗಡೆ: ಆಟ ಬೇಡ ಅಂದವರು ಯಾರು? ಬಲೆ ತೆಗೆದರೆ ದುಡ್ಡಿಲ್ಲದೆ ಆಡಬಹುದು. ಸದ್ಯಕ್ಕೆ ಮೈಕ್ ನಿಲ್ಲಿಸೋಣ. 2000ದ ಶಬ್ದ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮತ್ತೆ ಕೇಳಿಸಿದರೆ 112ಕ್ಕೆ ಫೋನ್ ಮಾಡಿ. ಕಮಿಟಿಗೆ ಪತ್ರ ನಾನು ಬರೆಯುತ್ತೇನೆ. ಸಹಿ ಹಾಕುವವರು ಭಾನುವಾರ 11ಕ್ಕೆ ಲಾಬಿಗೆ ಬನ್ನಿ.

ವೀಣಾ: ನಾನು ಬರ್ತೇನೆ.

ಪೈ ಮಾಮ: 👍

ಶೆಟ್ಟಿ: ಪತ್ರ ಬರೆಯುವ ಮೊದಲು ಹಳೇ ಕಮಿಟಿ ಲೆಕ್ಕ ಕೊಡಲಿ. ಡಿಪಾಸಿಟ್ ಎಲ್ಲಿ ಹೋಯ್ತು?

ಕುಲಕರ್ಣಿ: ಬ್ಯಾಂಕಿನಲ್ಲಿದೆ. ಪಾಸ್‌ಬುಕ್ ಆಫೀಸಿನಲ್ಲಿದೆ. ನೋಡಲಿಕ್ಕೆ ಬಂದಿದ್ದೀರಾ ಒಮ್ಮೆಯಾದರೂ?

ಶೆಟ್ಟಿ: ಬರ್ತೇನೆ, ಆದರೆ ಗಾಡಿ ಎಲ್ಲಿಡಲಿ? ಟರ್ಫಿಗೆ ಬಂದವರ ಬೈಕು ನನ್ನ ಜಾಗದಲ್ಲಿ. ನಿಜವಾದ ಸಮಸ್ಯೆ ಅದು!

ಕಿರಣ್: ನಮ್ಮ ಜಾಗದಲ್ಲೂ.

ರಾವ್, ಎ-203: ನಮ್ಮದೂ ಅದೇ ಕಥೆ. ವಾಚ್‌ಮನ್ ಏನೂ ಹೇಳುವುದಿಲ್ಲ.

ಶೆಟ್ಟಿ: ನಿವಾಸಿಗಳ ಗಾಡಿಗೆ ಸ್ಟಿಕರ್ ಮಾಡಿಸೋಣ. ಭಾನುವಾರ 11ಕ್ಕೆ ಲಾಬಿಯಲ್ಲಿ ಅದನ್ನೇ ಮಾತಾಡೋಣ.

ಹೆಗಡೆ: ಶೆಟ್ರೇ, ಅದು ಪತ್ರದ ಹೊತ್ತು.

ರಾವ್: ಸ್ಟಿಕರ್‌ಗೆ ನಾನು ರೆಡಿ 👍

ಕಿರಣ್: 👍👍

ವೀಣಾ: ಮತ್ತೆ ರಾತ್ರಿ ಲೈಟು? ನಾಡಿದ್ದು ಗಣಿತ ಪೇಪರ್ ಇದೆ.

ಶೆಟ್ಟಿ: ನೋಡೋಣ ಅಕ್ಕ. ಸ್ಟಿಕರ್ ಬಣ್ಣಕ್ಕೆ ಪೋಲ್ ಹಾಕಿದ್ದೇನೆ, ಮೊದಲು ಅದಕ್ಕೆ ವೋಟ್ ಹಾಕಿ.